ಫಲಾನುಭವಿಯ ಮುಖ

ಕ್ಯಾತನಹಳ್ಳಿ ಸುತ್ತಮುತ್ತ ಕಳೆದ ಆರು ವರ್ಷಗಳಲ್ಲಿ ನಡೆದ ಯಾವ ಸಮಾರಂಭದ ಫೋಟೊದಲ್ಲೂ ಚಿಕ್ಕಸ್ವಾಮಿಯ ಮುಖ ಇಲ್ಲದೆ ಇಲ್ಲ. ಇದು ದಾಖಲೆಯಲ್ಲಿರುವ ಸಂಗತಿ. ಸನ್ಮಾನ ಯಾರಿಗೇ ಆಗಲಿ, ಕ್ಯಾಮೆರಾ ಎತ್ತಿದ ಗಳಿಗೆಗೆ ಆತನ ಕುತ್ತಿಗೆ ಒಂದು ಗೇಣು ಉದ್ದವಾಗುತ್ತದೆ. ಸನ್ಮಾನಿತರದು ಕಿವಿ ಕಂಡರೆ ಪುಣ್ಯ.

ಸಿದ್ದಲಿಂಗಮ್ಮನಿಗೆ ಹೊಲಿಗೆ ಯಂತ್ರ ಕೊಟ್ಟ ದಿನವೂ ಹಾಗೇ ಆಯಿತು. ಫೋಟೊ ತುಂಬ ಚಿಕ್ಕಸ್ವಾಮಿಯ ಹಲ್ಲು. ಆಕೆಯದು ಒಂದು ಮೊಣಕೈ, ನಾಲ್ಕು ಬಳೆ. ಹದಿನೈದು ದಿನಕ್ಕೆ ಹೊಲಿಗೆ ಪ್ರೋತ್ಸಾಹ ಘಟಕದ ನೋಟೀಸು ಬಂತು: "ಭಾವಚಿತ್ರದಲ್ಲಿ ಫಲಾನುಭವಿಯ ಮುಖ ಕಂಡುಬಂದಿರುವುದಿಲ್ಲ. ಮೊಣಕೈಯನ್ನು ಮುಖವೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿರುವುದಿಲ್ಲ. ಏಳು ದಿನದೊಳಗೆ ಸರಿಪಡಿಸದಿದ್ದಲ್ಲಿ ಯಂತ್ರವನ್ನು ಹಿಂಪಡೆಯಲಾಗುವುದು."

ಯಂತ್ರದ ಮೇಲೆ ಊರಿನ ಹನ್ನೆರಡು ರವಿಕೆ ಅರ್ಧಂಬರ್ಧ ಕೂತಿದ್ದವು. ಸಿದ್ದಲಿಂಗಮ್ಮ ಪಾಂಡವಪುರಕ್ಕೆ ಹೋಗಿ, ಯಂತ್ರದ ಜೊತೆ ಒಬ್ಬಳೇ ನಿಂತು ತೆಗೆಸಿದ್ದ ಫೋಟೊವನ್ನು ಘಟಕದ ಗುಮಾಸ್ತ ರಘುನಂದನ್ ಮುಂದಿಟ್ಟಳು. ಅವನು ಕಂಪ್ಯೂಟರಿಗೆ ಹಾಕಿದ.

"ಒಪ್ತಾ ಇಲ್ಲ ಕಣಮ್ಮ. ಇದು ಸಮಾರಂಭವೇ ಅಲ್ವಂತೆ."

"ಯಾಕ್ ಸಾ?"

"ಚಿಕ್ಕಸ್ವಾಮಿ ಇಲ್ವಲ್ಲ. ಆರು ವರ್ಸದಿಂದ ಅವನ ಮೊಕ ನೋಡೀ ನೋಡೀ, ಅವನಿದ್ರೇನೇ ಕಾರ್ಯಕ್ರಮ ಅಂತ ಕಲ್ತ್‌ಬುಟ್ಟೈತೆ."

ಸಿದ್ದಲಿಂಗಮ್ಮ ಊರಿಗೆ ಮರಳಿ ಫೋಟೊಕ್ಕೆ ಕರೆಯಲು ಹೋದಾಗ ಚಿಕ್ಕಸ್ವಾಮಿ ತನ್ನ ಮನೆ ಜಗಲಿ ಮೇಲೆ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದ. ನಾಗಮಂಗಲದ ಸಾಮೂಹಿಕ ಸೀಮಂತದ ಫೋಟೊಕ್ಕೆ ಮುಖ ತೂರಿಸಿದ್ದರಿಂದ ಆತ ಗರ್ಭಿಣಿ ಎಂದು ನೋಂದಣಿಯಾಗಿದ್ದ. ತಿಂಗಳ ತಪಾಸಣೆಗೆ ಒಮ್ಮೆಯೂ ತಪ್ಪಿಸಿಕೊಂಡವನಲ್ಲ.

"ಬತ್ತೀನಿ ಕಣಕ್ಕ. ಆದ್ರೆ ಹಿಂದ್ಗಡೆ ನಿಂತ್ಕಳಾಕೆ ನಂಗೆ ಬರಾಕಿಲ್ಲ."

"ಎಲ್ಲಾದ್ರೂ ನಿಂತ್ಕಳ್ಲಾ. ಮಿಸೀನು ಉಳುದ್ರೆ ಸಾಕು."

ಆತ ಮುಂದೆ ನಿಂತ. ಸಿದ್ದಲಿಂಗಮ್ಮ ಹಿಂದೆ ಸ್ಟೂಲು ಹತ್ತಿ ಮುಖ ಎತ್ತಿದಳು. ಕಂಪ್ಯೂಟರು ಒಪ್ಪಿತು. ಆದರೆ ನಿಯಮವೊಂದಿತ್ತು: ಎರಡು ಮುಖಗಳಿದ್ದಲ್ಲಿ ದೊಡ್ಡದಾಗಿ ಕಾಣುವುದನ್ನೇ ಫಲಾನುಭವಿಯದೆಂದು ತಿಳಿಯತಕ್ಕದ್ದು. ಹೀಗೆ ಹೆಸರು ಸಿದ್ದಲಿಂಗಮ್ಮ, ಮುಖ ಚಿಕ್ಕಸ್ವಾಮಿ ಎಂದು ಮಂಜೂರಾಯಿತು. ರಘುನಂದನ್ ಇಬ್ಬರಿಗೂ ಶುಭ ಕೋರಿದ.

ಮುಂದಿನ ತಿಂಗಳು ಘಟಕದ ತಪಾಸಣಾಧಿಕಾರಿ ಸಿದ್ದಲಿಂಗಮ್ಮನ ಮನೆಗೇ ಬಂದರು. ಚಿಕ್ಕಸ್ವಾಮಿ ಯಂತ್ರದ ಮುಂದೆ ಕೂತು ಬರೀ ಪೆಡಲು ತುಳಿದ. ಅಧಿಕಾರಿ ಫೋಟೊ ನೋಡಿದರು, ಆತನ ಮುಖ ನೋಡಿದರು, ತಾಳೆಯಾಯಿತು.

"ಚೆನ್ನಾಗಿ ಕಲ್ತಿದ್ದೀಯ ಸಿದ್ದಲಿಂಗಮ್ಮ. ಇವರ್ಯಾರು?"

"ನಮ್ಮಕ್ಕ ಸಾ. ಗುಂಡಿ ಆಕ್ಕೊಡ್ತಾಳೆ," ಎಂದ ಚಿಕ್ಕಸ್ವಾಮಿ.

ಅಧಿಕಾರಿ ಸಹಿ ಹಾಕಿ ಜೀಪು ಹತ್ತಿದರು. ಸಿದ್ದಲಿಂಗಮ್ಮ ಆತನನ್ನು ಎಬ್ಬಿಸಿ ತಾನು ಕೂತು, ರವಿಕೆಯ ತೋಳು ಸೂಜಿಯಡಿ ಸರಿಸಿದಳು.

"ಇನ್ನೊಂದ್ ದಪ ಯಾವಾಗ ಬತ್ತಾರಂತಕ್ಕ?"

"ದೀಪಾವಳಿ ಕಳುದ್ಮೇಲೆ. ಗಡ್ಡ ಬೋಳುಸ್ಕೊಂಡು ಬಾರ್ಲಾ, ಈಗ ಅದು ನನ್ ಮೊಕ."