ನಮ್ಮವರ ಕುಡುಕ ಕಾರು

ನಮ್ಮ ಯಜಮಾನರು ಮನೆಯಲ್ಲಿ ಒಬ್ಬ ಕುಡುಕನನ್ನು ಸಾಕಿದ್ದರು ಎಂದರೆ ನಂಬುತ್ತೀರಾ? ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕಾಫಿಯನ್ನು ಕೂಡ ಯೋಚಿಸಿ ಕುಡಿಯುವ ಮನುಷ್ಯ! ಆದರೆ ಅವರ ಕಾರಿಗೆ ಬೆಳಗಾದರೆ ಸ್ಪಿರಿಟ್ ಬೇಕು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಬೆಟ್ಟದ ಮೇಲಿನ ನಂಜನಾಡಿನಲ್ಲಿ ನಮ್ಮದು ಆಲೂಗಡ್ಡೆ ಬೇಸಾಯ. ತನ್ನ ಸೀಮೆಗೆ ಹೊರಟ ತೋಟದ ಬಿಳಿ ದೊರೆಯೊಬ್ಬನಿಂದ ಇವರು ಹಳೆಯ ಕಾರೊಂದನ್ನು ಕೊಂಡಿದ್ದರು. ಮೈಸೂರಿನ ಕಡೆ ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರಂತೆ ಎಂದು ನನ್ನ ತವರು ಗುಂಡ್ಲುಪೇಟೆಯಿಂದ ಬಂದ ತಮ್ಮ ಹೇಳಿದ. ಮುಂದಿನ ಸಲ ಒಂದು ಡಬ್ಬ ತಂದೂ ಕೊಟ್ಟ. ಮುಗಿಯಿತು ನನ್ನ ಸಂಸಾರದ ನೆಮ್ಮದಿ!

ಮೊದಲ ದಿನವೇ ಡಬ್ಬದ ಸ್ಪಿರಿಟ್ಟನ್ನು ರಬ್ಬರ್ ಕೊಳವೆಯಲ್ಲಿ ಬಾಯಿಂದ ಎಳೆದು ಟ್ಯಾಂಕಿಗೆ ಬಿಟ್ಟರು. ಒಳಗೆ ಬಂದೊಡನೆ ನಮ್ಮ ಅತ್ತೆ ಮೂಗು ಅರಳಿಸಿದರು.

"ಮಗಾ, ಕುಡಿದು ಬಂದೆಯಾ?"

"ನಾ ಕುಡೀಲೆ ಅವ್ವ. ಕಾರಿಗೆ ಕುಡಿಸಿದೆ."

"ಕಾರಿಗೆ ಕುಡಿಸಿದರೆ ನಿನ್ನ ಬಾಯಿ ಏಕ ನಾರುತ್ತೆ?"

ಅಂದಿನ ಊಟ ಅವರಿಗೆ ಅಂಗಳದಲ್ಲಿ, ಕಾರಿನ ಪಕ್ಕ. "ಜೊತೆಗಾರನ ಜೊತೆಯೇ ಉಣ್ಣಲಿ" ಎಂದರು ಅತ್ತೆ.

ಕಾರ್ಬುರೇಟರಿನೊಳಗೆ ಎಣ್ಣೆಯ ಮಟ್ಟ ಕಾಯಲು ಒಂದು ಬೆಂಡು ತೇಲುತ್ತಿರುತ್ತದಂತೆ. ಸ್ಪಿರಿಟ್ಟಿಗೆ ಅದರ ಮೇಲಿನ ಅರಗು ಕರಗಿ, ಬೆಂಡು ನೆನೆದು ಮುಳುಗಿತು. ಮರುದಿನ ನನ್ನ ತವರಿನ ಕುಂಕುಮದ ಡಬ್ಬಿ ಮಾಯ! ಕೇಳಿದರೆ, "ಬಾಯಿಗೆ ಬೆಸುಗೆ ಹಾಕಿ ಬೆಂಡಿನ ಜಾಗಕ್ಕೆ ಇಟ್ಟೆ. ಏನ ಚಂದ ತೇಲುತ್ತೆ ನೋಡು!" ಎಂದು ಹೆಮ್ಮೆಪಟ್ಟರು. ನನ್ನ ಬಾಯಿಗೂ ಬೆಸುಗೆ ಹಾಕಬೇಕಿತ್ತು. ಆ ದಿನ ಅಷ್ಟು ಮಾತಾಡಿದೆ.

ಎರಡು ತಿಂಗಳ ಮೇಲೆ ಕಾರು ನಂಜನಾಡಿನ ಏರುಗಳನ್ನು ಸರಾಗವಾಗಿ ಹತ್ತಿತು. "ನಡೆ, ನಿನ್ನ ತವರಿಗೆ" ಎಂದರು. ಅವ್ವನನ್ನು ನೋಡಿ ಮೂರು ವರ್ಷವಾಗಿತ್ತು. ಒಡವೆ ಹಾಕಿಕೊಂಡು ಹತ್ತಿ ಕುಳಿತೆ.

ಗೂಡಲೂರಿನವರೆಗೆ ಬರೀ ಇಳಿಜಾರು. ತೊರಪಳ್ಳಿಯಲ್ಲಿ ಕಾರು ಕೆಮ್ಮಿತು, ಸೀನಿತು, ನಿಂತಿತು.

"ಬೆಟ್ಟದ ಗಾಳಿ ತೆಳು, ಇಲ್ಲಿ ದಟ್ಟ. ಅಷ್ಟೇ ಎಣ್ಣೆ ಸಾಲದು" ಎನ್ನುತ್ತ ನನ್ನ ಚೀಲದಿಂದ ಸೂಜಿ ತೆಗೆದು, ಮೊನೆಯನ್ನು ಕಲ್ಲಿಗೆ ಉಜ್ಜಿ, ಎಣ್ಣೆ ಬರುವ ಸಣ್ಣ ತೂತನ್ನು ಅಗಲ ಮಾಡಲು ಕುಳಿತರು. ಒಂದು ಗಂಟೆ! ನನಗೆ ತಡೆಯಲಾಗಲಿಲ್ಲ.

"ಬಸ್ಸಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಅವ್ವನ ಕೈಯ ಮುದ್ದೆ ಉಣ್ಣುತ್ತಿದ್ದೆ. ಯಾರಿಗೋಸ್ಕರ ಈ ಹುಚ್ಚು?"

ಅವರು ತಲೆ ಎತ್ತಲಿಲ್ಲ. "ಬಸ್ಸಲಿ ಪೆಟ್ರೋಲ್ ವಾಸನೆ ನಿನಗೆ ಆಗದು. ಹೋದ ಬಾರಿ ದಾರಿ ಉದ್ದಕೂ ವಾಂತಿ ಮಾಡಿದೆ. ಆಮೇಲೆ ನೀ ತವರಿನ ಮಾತೇ ಎತ್ತಲಿಲ್ಲೆ. ಸ್ಪಿರಿಟ್ ಬೆರೆಸಿದರೆ ವಾಸನೆ ಕಡಮೆ ಆದೀತು ಎಂದು ನೋಡಿದೆ."

ನಾನು ಸೂಜಿಯನ್ನು ಒರೆಸಿ ಚೀಲಕ್ಕೆ ಹಾಕಿದೆ. ಕಾರು ಹೊರಟಿತು.

"ಈಗ ಹೇಗೆ?" ಎಂದು ಕೇಳಿದರು, ಮಗುವಿನಂತೆ.

"ಚೂರೂ ವಾಸನೆಯಿಲ್ಲ" ಎಂದೆ.

ಮುದುಮಲೆ ಕಾಡಿನ ಮೂರನೆಯ ತಿರುವಿನಲ್ಲಿ ನಾನು ತಲೆಯನ್ನು ಹೊರಗೆ ಹಾಕಿದೆ.

"ಏನಾಯ್ತು?" ಎಂದು ಗಾಬರಿಯಾದರು.

"ಆನೆ ಕಂಡ ಹಾಗಾಯ್ತು. ನೀವು ನಡೆಸಿ" ಎಂದೆ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ.