ಮಣ್ಣಿಗೆ ಹೊರಟವಳು

ಹೊಲದ ಮಣ್ಣನ್ನು ಪರೀಕ್ಷೆಗೆ ತರುವುದು ನನ್ನ ಕೆಲಸ. ಗುದ್ದಲಿ, ಬಕೆಟ್ಟು ಹಿಡಿದು ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಗೆ ಓಡಾಡುತ್ತೇನೆ. ನಗಬಾರದ ಜಾಗದಲ್ಲೇ ನಗು ಬರುವುದು ಈ ಕೆಲಸದಲ್ಲಿ ಹೆಚ್ಚು. ಹಾಗೆ ನಕ್ಕ ಮೇಲೆ ಊಟ ಸೇರದ ದಿನಗಳೂ ಇವೆ.

ಬಸ್ಸಿನಲ್ಲಿ

ಕೆಲಸಕ್ಕೆ ಸೇರಿದ ಹೊಸತು. ಬಸ್ಸು ತುಂಬಿತ್ತು. ಗುದ್ದಲಿ ಹಿಡಿದು ನಿಂತಿದ್ದ ನನ್ನನ್ನು ಒಬ್ಬಳು ಅಜ್ಜಿ ಕೇಳಿದಳು, "ಎಲ್ಲಿಗವ್ವಾ?"

"ಮಣ್ಣಿಗೆ ಅಜ್ಜಿ."

ಮಣ್ಣಿಗೆ ಹೋಗುವುದೆಂದರೆ ನಮ್ಮ ಕಡೆ ಹೆಣ ಹೂಳಲು ಹೋಗುವುದು. ಅದು ನನಗೆ ಹೊಳೆಯುವಷ್ಟರಲ್ಲಿ ಅಜ್ಜಿ ಎದ್ದು ಸೀಟು ಕೊಟ್ಟಾಗಿತ್ತು. "ಅಯ್ಯೋ, ಕುಂತ್ಕೊ ತಾಯಿ. ವಯಸ್ಸಾಗಿತ್ತಾ?"

"ಅಲ್ಲಜ್ಜಿ, ಹೊಲದ ಮಣ್ಣು. ಪರೀಕ್ಷೆಗೆ."

ಅಜ್ಜಿ ನನ್ನ ಮುಖವನ್ನೊಮ್ಮೆ, ಗುದ್ದಲಿಯನ್ನೊಮ್ಮೆ ನೋಡಿದಳು.

"ಅಂಗಾದ್ರೆ ಏಳವ್ವ. ಮಣ್ಣಿಗೆ ಓಯ್ತಿರೋಳು ನಾನು. ನನ್ ತಂಗೀದು."

ಶುಂಠಿ ಹೊಲ

ಒಬ್ಬ ರೈತ ಹೊಲವನ್ನು ಶುಂಠಿ ಬೆಳೆಯಲು ಗುತ್ತಿಗೆ ಕೊಟ್ಟಿದ್ದ. ವಾಪಸ್ಸು ಬಂದ ನೆಲದಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಹೋಗಿ ಹೇಳಿದೆ: "ಮಣ್ಣು ಅಂದ್ರೆ ಬರೀ ಪುಡಿಯಲ್ಲಣ್ಣ. ಅದರೊಳಗೆ ಗಾಳಿ ಬೇಕು, ನೀರು ಬೇಕು, ಕೊಳೆತ ಸೊಪ್ಪು, ಎರೆಹುಳ, ಕಣ್ಣಿಗೆ ಕಾಣದ ಜೀವಗಳು ಬೇಕು. ಇದರಲ್ಲಿ ಜೀವ ಬಹಳ ಕಮ್ಮಿಯಾಗಿದೆ."

ಅವನು ತಲೆಗೆ ಸುತ್ತಿದ್ದ ಟವೆಲ್ಲು ತೆಗೆದುಬಿಟ್ಟ. "ಸತ್ತೋಯ್ತಾ ಮೇಡಂ? ನಮ್ಮಪ್ಪ ಉತ್ತಿದ್ ನೆಲ ಕಣಮ್ಮ."

"ಇಲ್ಲಣ್ಣ, ಉಸಿರಾಡ್ತಿದೆ. ಕೊಟ್ಟಿಗೆ ಗೊಬ್ಬರ ಹಾಕಿ. ಸೆಣಬು ಬಿತ್ತಿ, ಹೂ ಬರೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿಬಿಡಿ. ನಿಧಾನಕ್ಕೆ ಚೇತರಿಸ್ಕೊಳ್ಳುತ್ತೆ."

"ಆಸ್ಪತ್ರೇಲಿ ಆಕ್ತಾರಲ್ಲ, ಅಂಗೆ ಡ್ರಿಪ್ ಆಕ್ಸಿದ್ರೆ?" ಅಂದಳು ಪಕ್ಕದಲ್ಲಿದ್ದ ಅವನ ಹೆಂಡತಿ.

ಅವನು ಹೊಲದ ತುಂಬ ಬಿದ್ದಿದ್ದ ಹಳೇ ಡ್ರಿಪ್ ಪೈಪುಗಳನ್ನು ತೋರಿಸಿದ. "ಗುತ್ತಿಗೆಯವ್ರು ಎರಡು ವರ್ಸ ಡ್ರಿಪ್ ಮೇಲೇ ಮಡಗಿದ್ರು ಕಣಮ್ಮಿ. ಆಮೇಲೇ ಇಂಗಾಗಿದ್ದು!"

ಚೆಂಡುಹೂವಿನ ದಿಬ್ಬ

ಗುಂಡ್ಲುಪೇಟೆ ಹತ್ತಿರದ ಒಂದು ಹೊಲ. ಯಜಮಾನಿ ಜೊತೆಗೇ ಇದ್ದಳು. ಅಲ್ಲಲ್ಲಿ ಗೇಣುದ್ದ ಗುಂಡಿ ತೋಡಿ, ಮಣ್ಣು ಕೆರೆದು ಬಕೆಟ್ಟಿಗೆ ಹಾಕುತ್ತಿದ್ದೆ. ಬದುವಿನ ಪಕ್ಕ ಚೆಂಡುಹೂ ಸೊಂಪಾಗಿ ಬೆಳೆದ ದಿಬ್ಬದ ಬಳಿ ಗುದ್ದಲಿ ಎತ್ತಿದೆ.

"ಅಲ್ಲಿ ಬ್ಯಾಡ ಕಣವ್ವ. ನಮ್ಮನೆಯವ್ರು ಅವ್ರೆ."

ಗಂಡನನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿದ್ದರು. ಇನ್ನೂ ವರ್ಷ ತುಂಬಿರಲಿಲ್ಲ. ಗಾಬರಿಯಲ್ಲಿ ನನ್ನ ಬಾಯಿಗೆ ಕೆಲಸದ ಮಾತೇ ಬಂತು: "ಹೇಗೂ ಇಲ್ಲಿ ತಗೋಬಾರದಮ್ಮ. ಇಂಥ ಕಡೆ ಸತ್ವ ಜಾಸ್ತಿ ಇರುತ್ತೆ, ಲೆಕ್ಕ ತಪ್ಪುತ್ತೆ." ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅವಳು ದಿಬ್ಬವನ್ನೇ ನೋಡುತ್ತ ಕೂತಳು. ಕಣ್ಣೀರು ಇಳಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಅಂದಳು:

"ಬದುಕಿರಗಂಟ ಒಂದ್ ಮಂಕ್ರಿ ಗೊಬ್ಬರ ಒತ್ತಾಕು ಅಂದ್ರೆ ಸೊಂಟನೋವು ಅಂತಿದ್ನವ್ವ ಈ ಮನ್ಸ. ಈಗ ನೋಡು, ಮಲಗಿದ್ ಕಡೆಯಿಂದ್ಲೇ ಗೊಬ್ಬರ ಆಕ್ತಾವ್ನೆ!"

ತಡೆದರೂ ನಗು ನಿಲ್ಲಲಿಲ್ಲ, ನನಗೂ, ಅವಳಿಗೂ. ಆಮೇಲೆ ಅವಳು ಬಗ್ಗಿ, ಮಗುವಿನ ಬೆನ್ನು ತಟ್ಟಿದ ಹಾಗೆ ಆ ಮಣ್ಣನ್ನು ತಟ್ಟಿದಳು.

"ಬೈದೆ ಅಂತ ಎದ್ದುಗಿದ್ದೀಯೆ. ಮಲೀಕೊ, ಸೊಂಟನೋವು."