ಕಡಲಾಚೆಯ ವಕೀಲರೂ ಸಾರಕ್ಕಿ ಮಾರ್ಕೆಟ್ಟಿನ ಚೌಕಾಶಿಯೂ

ವಕೀಲರಿಗೆ ಫೀಸು ಕೊಡುವುದು ನಮ್ಮ ಕಡೆ ಭಾರೀ ಸಂಕೋಚದ ವ್ಯವಹಾರ. ಡಾಕ್ಟರಿಗಾದರೆ ಕೌಂಟರಿನಲ್ಲಿ ಕಟ್ಟಿ ಬರಬಹುದು, ಪುರೋಹಿತರಿಗಾದರೆ ಎಲೆ ಅಡಿಕೆ ಮೇಲಿಟ್ಟು ಕೈಮುಗಿಯಬಹುದು. ವಕೀಲರ ವಿಷಯದಲ್ಲಿ ಎರಡೂ ನಡೆಯುವುದಿಲ್ಲ. ನಮ್ಮ ಮನೆಯ ಪತ್ರಗಳನ್ನು ನೋಡುವವರು ಸಾರಕ್ಕಿಯ ನಂಜಪ್ಪನವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಈಗ ಅವರ ಆಫೀಸಿದೆ. "ಎಷ್ಟಾಯ್ತು ಸಾರ್?" ಅಂದರೆ "ಅಯ್ಯೋ, ನೀವೇನು ಹೊರಗಿನೋರಾ? ನೋಡ್ಕೊಂಡು ಕೊಡಿ" ಅನ್ನುತ್ತಾರೆ. ನೋಡಿಕೊಂಡು ಕೊಟ್ಟರೆ, ಅದನ್ನು ನೋಡಿ "ಹೂಂ" ಅನ್ನುತ್ತಾರೆ. ಆ "ಹೂಂ"ಗೆ ಹೆದರಿ ಇನ್ನಷ್ಟು ಕೊಡುತ್ತೇವೆ. ಆಮೇಲೆ ಕಾಫಿ ಬರುತ್ತದೆ, ಮಗಳ ಮದುವೆಯ ಮಾತು ಬರುತ್ತದೆ, ಸಾರಕ್ಕಿ ಸಿಗ್ನಲ್ಲಿಗೆ ಇಬ್ಬರೂ ಸೇರಿ ಶಾಪ ಹಾಕುತ್ತೇವೆ. ಪತ್ರ ಸರಿಯಿದೆಯೋ ಇಲ್ಲವೋ ಅನ್ನುವುದೊಂದು ಮಾತ್ರ ಮುಂದಿನ ವಾರಕ್ಕೆ ಉಳಿದಿರುತ್ತದೆ.

ಇಂಥ ಅಭ್ಯಾಸ ಇಟ್ಟುಕೊಂಡು ನಾನು ಸ್ಕಾಟ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟೆ. ನಾನು ಹೊರಟೆ ಅನ್ನುವುದೂ ತಪ್ಪೇ, ಹೊರಟವಳು ನನ್ನ ಹೆಂಡತಿ ವನಜಾ. ಜಯನಗರದ ಶಾಲೆಯಲ್ಲಿ ಜೀವಮಾನವೆಲ್ಲ ಭೂಗೋಳ ಪಾಠ ಹೇಳಿದವಳು. ಕಡಲು ಅಂದರೆ ಅವಳಿಗೆ ಕರಿಹಲಗೆಯ ಮೇಲೆ ಬಳಿಯುವ ನೀಲಿ ಸೀಮೆಸುಣ್ಣ. ರಿಟೈರಾದ ಮೇಲೆ ಹೋದ ಪ್ಯಾಕೇಜ್ ಟೂರಿನಲ್ಲಿ ನಮ್ಮ ಬಸ್ಸು ಆ ದೇಶದ ಒಂದು ಕಡಲೂರಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಉಳಿದವರೆಲ್ಲ ಟಾಯ್ಲೆಟ್ ಹುಡುಕುತ್ತಿದ್ದರೆ ಇವಳು ಬೆಂಚಿನ ಮೇಲೆ ಕೂತು, "ರೀ, ನಂಗೆ ಇಲ್ಲೊಂದು ಕಿಟಕಿ ಬೇಕು" ಅಂದಳು. ನಾನು ನಕ್ಕೆ, ಅವಳು ನಗಲಿಲ್ಲ. ಕಿಟಕಿಯೊಂದನ್ನೇ ಯಾರೂ ಮಾರುವುದಿಲ್ಲವಲ್ಲ, ಅದರ ಹಿಂದಿನ ಮನೆಯನ್ನೂ ತೆಗೆದುಕೊಳ್ಳಬೇಕು. ಅವಳ ಸಂಬಳ ಉಳಿಸಿ ಕೊಂಡಿದ್ದ ತಲಘಟ್ಟಪುರದ ಸೈಟು ಮಾರಿದೆವು. ಆ ದುಡ್ಡಿಗೆ ಜಯನಗರದಲ್ಲಿ ಕಾರು ನಿಲ್ಲಿಸುವ ಜಾಗ ಬರುತ್ತಿತ್ತೋ ಏನೋ; ಅಲ್ಲಿ ಕಡಲಿಗೆದುರಾಗಿ ಒಂದು ರೂಮು, ಅಡುಗೆಮನೆ, ಎಲ್ಲ ಬರುತ್ತಿತ್ತು. ಬೇಸಿಗೆಗೆ ಹೋಗಿ ಇದ್ದು ಬರುವುದು, ಉಳಿದಾಗ ಬಾಡಿಗೆಗೆ ಬಿಡುವುದು ಅಂತ ತೀರ್ಮಾನವಾಯಿತು.

ಅಲ್ಲಿ ವಕೀಲರಿಲ್ಲದೆ ಹೆಜ್ಜೆ ಇಡುವ ಹಾಗಿಲ್ಲ. ಮಾರ್ಗರೆಟ್ ಅನ್ನುವ ಹೆಂಗಸು ನಮ್ಮ ಕೆಲಸ ಒಪ್ಪಿಕೊಂಡರು. ಮೊದಲನೇ ಫೋನಿಗೆ ಇಡೀ ಮನೆ ಹಾಲಿನಲ್ಲಿ ಸೇರಿತ್ತು. ಚಿಕ್ಕಲಸಂದ್ರದಿಂದ ನನ್ನ ಭಾವಮೈದ ಸೀನನೂ ಬಂದಿದ್ದ. ನಾನು ಮರ್ಯಾದಸ್ಥನ ಹಾಗೆ ಊಟ ಆಯಿತೇ, ಚಳಿ ಹೇಗಿದೆ, ಮಕ್ಕಳೆಷ್ಟು ಅಂತ ಶುರುಮಾಡಿದೆ. ಸೀನ ಫೋನಿಗೆ ಬಾಯಿ ಹಚ್ಚಿ, ಬಾಗಿಲು ಪೂರ್ವಕ್ಕಿದೆಯಾ ಅಂತ ಕೇಳಿದ. ಪಾಪ, ಆ ತಾಯಿ ನಕ್ಷೆ ತೆಗೆದು ನೋಡಿ ಹೇಳಿದರು. "ಎಷ್ಟು ಒಳ್ಳೆ ಹೆಂಗಸು!" ಅಂತ ಎಲ್ಲರೂ ಹೊಗಳಿದೆವು. ತಿಂಗಳ ಕೊನೆಗೆ ಬಿಲ್ಲು ಬಂತು. ಅವರ ಫೀಸು ನಿಮಿಷದ ಲೆಕ್ಕವಂತೆ! ನಾನು ಊಟ ವಿಚಾರಿಸಿದ್ದಕ್ಕೂ ಚಾರ್ಜು, ಅವರು ಆಯಿತು ಅಂದಿದ್ದಕ್ಕೂ ಚಾರ್ಜು. ಬಾಗಿಲಿನ ದಿಕ್ಕಿಗಂತೂ ಕೇಳಬೇಡಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ತುರ್ತು ಪರಿಸ್ಥಿತಿ. ಫೋನಿಗೆ ಮುಂಚೆ ರಿಹರ್ಸಲ್ ನಡೆಸಿದೆ. ಸೀನನಿಗೆ ಬರಬೇಡ ಅಂದೆ. "ಆ ಬೀದಿಯಲ್ಲಿ ನೆರೆಹೊರೆಯವರು ಹೇಗಂತ ಒಂದ್ಮಾತು ಕೇಳ್ತೀನಿ" ಅಂತ ವನಜಾ ಬಂದರೆ, "ಮಾತಾಡಿದ್ರೆ ದುಡ್ಡು ಕಣೇ, ಸುಮ್ನಿರು!" ಅಂತ ಗದರಿಸಿದೆ. "ಮನೆ ತಗೊಳೋಳು ನಾನು, ಬಾಯಿ ಮುಚ್ಕೊಳೋಳೂ ನಾನೇನಾ?" ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆ ಸೊಪ್ಪಿಗೂ ಚೌಕಾಶಿ ಮಾಡುವ ನಾನು, ಇಷ್ಟು ದೊಡ್ಡ ಫೀಸನ್ನು ಹೇಳಿದ ಹಾಗೇ ಕೊಡುವುದೇ? ವನಜಾ ದೇವಸ್ಥಾನಕ್ಕೆ ಹೋಗಿದ್ದ ಸಮಯ ನೋಡಿ ಮಾರ್ಗರೆಟ್ಟರಿಗೆ ಫೋನ್ ಮಾಡಿದೆ. ರೌಂಡು ಮಾಡಿ ಅಂದೆ, ಮಾಡಲಿಲ್ಲ. ನಮ್ಮ ನೆಂಟರೆಲ್ಲ ಅಲ್ಲೇ ಮನೆ ತಗೊಳ್ಳುತ್ತಾರೆ ಅಂತ ಆಸೆ ತೋರಿಸಿದೆ, ಬೀಳಲಿಲ್ಲ. ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ: "ಹಾಗಾದ್ರೆ ಬೇಡ ಬಿಡಿ ಮೇಡಂ." ನಿಮಗೂ ಗೊತ್ತಲ್ಲ, ಹೀಗಂದು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಾಕಬೇಕು, ಸೊಪ್ಪಿನಾಕೆ "ಬಾ ಸಾಮಿ, ಬಾ, ನಿನ್ ಮಾತೂ ಬ್ಯಾಡ ನನ್ ಮಾತೂ ಬ್ಯಾಡ" ಅಂತ ಕೂಗಬೇಕು. ಅದು ಧರ್ಮ. ನಾನು ಫೋನಿಟ್ಟು ಆ ಕರೆಗಾಗಿ ಕಾದೆ.

ಮಾರನೇ ದಿನ ಮಿಂಚಂಚೆ ಬಂತು. "ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ. ಕಡತ ಮುಚ್ಚಿದ್ದೇನೆ. ಮಾರುವವರಿಗೂ ತಿಳಿಸಿಯಾಯಿತು, ಅವರು ಇನ್ನೊಬ್ಬರೊಡನೆ ಮಾತಾಡುತ್ತಿದ್ದಾರೆ. ತಮಗೆ ಶುಭವಾಗಲಿ."

ವನಜಾ ಅದನ್ನು ಓದಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋಗಿ ಬಿಡಿಸಿದ ಬಟಾಣಿಯನ್ನೇ ಮತ್ತೆ ಬಿಡಿಸುತ್ತ ಕೂತಳು. ಈ ಜನ್ಮದಲ್ಲಿ ಅವಳು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದು ಕಿಟಕಿ. ಅದನ್ನು ಸೊಪ್ಪಿನ ಕಂತೆಯ ಹಾಗೆ ವಾಪಸ್ ಎಸೆದು ಬಂದಿದ್ದೆನಲ್ಲ! "ನಾನು ಮತ್ತೆ ಫೋನ್ ಮಾಡ್ತೀನಿ, ಕಾಲು ಹಿಡ್ಕೋತೀನಿ" ಅಂದೆ. "ನೀವು ಮಾಡಿದ್ದು ಸಾಕು" ಅಂದಳು. ಮಧ್ಯಾಹ್ನ ಅವರ ಆಫೀಸು ತೆರೆಯುವ ಹೊತ್ತಿಗೆ ಫೋನ್ ಕೈಗೆತ್ತಿಕೊಂಡು, "ಗಡಿಯಾರ ನೋಡ್ಕೊಂಡು ಎದುರಿಗೆ ಕೂತ್ಕೋಬೇಡಿ. ಬಾಲ್ಕನಿಗೆ ಹೋಗಿ" ಅಂದಳು.

ಹೋದೆ. ಒಳಗೆ ಮಾತು ಸಾಗಿತು, ಸಾಗುತ್ತಲೇ ಇತ್ತು. ಒಮ್ಮೆ ನಗು ಕೇಳಿಸಿತು. ನಮ್ಮ ಮಾರ್ಕೆಟ್ಟಿನ ಪದ್ಧತಿಯನ್ನು ಅವಳು ಪಾಠದ ಹಾಗೆ ಬಿಡಿಸಿ ಹೇಳಿದಳಂತೆ. "ಹೋದವರನ್ನು ಅಂಗಡಿಯವಳು ಕರೆಯದಿದ್ದರೆ?" ಅಂತ ಮಾರ್ಗರೆಟ್ ಕೇಳಿದರಂತೆ. "ಆಗ ಹೆಂಡತಿ ವಾಪಸ್ ಬರ್ತಾಳೆ, ಈಗ ನಾನು ಬಂದಿಲ್ವಾ?" ಅಂದಳಂತೆ ಇವಳು. ಅಲ್ಲಿಂದ ನೆರೆಹೊರೆ, ಚಳಿಗಾಲ, ಅಡುಗೆ, ಗಂಡಂದಿರ ಬುದ್ಧಿ, ಒಂದನ್ನೂ ಬಿಟ್ಟಿಲ್ಲ. ಸಂಜೆಯೊಳಗೆ ಮಾರ್ಗರೆಟ್ ಮಾರುವವರನ್ನು ಹಿಡಿದು ಮಾತು ಮತ್ತೆ ಕುದುರಿಸಿದರು. ಬಿಲ್ಲಿನಲ್ಲಿ ಕಡತ ಮುಚ್ಚಿದ ಫೀಸೂ ಇತ್ತು, ತೆರೆದ ಫೀಸೂ ಇತ್ತು. ನಾನು ತುಟಿ ಪಿಟಕ್ಕೆನ್ನದೆ ಕಟ್ಟಿದೆ.

ಹೋದ ವಾರ ಕ್ರಯಪತ್ರ ಬಂತು. ಓದಿದೆ, ತಿರುವಿ ಹಾಕಿ ಇನ್ನೊಮ್ಮೆ ಓದಿದೆ. "ಏನೇ, ಇದರಲ್ಲಿ ನನ್ನ ಹೆಸರೇ ಇಲ್ವಲ್ಲ?"

ವನಜಾ ಕಾಫಿ ಲೋಟ ನನ್ನ ಮುಂದಿಟ್ಟು ಹೇಳಿದಳು: "ಮಾರ್ಗರೆಟ್ ಕೇಳಿದ್ರು ರೀ. ಇನ್ನೊಂದು ಹೆಸರು ಸೇರಿಸಬೇಕಾದ್ರೆ ಅದಕ್ಕೆ ಬೇರೆ ಫೀಸಂತೆ. ನಮ್ಮೆಜಮಾನ್ರು ಖಂಡಿತ ಒಪ್ಪಲ್ಲ, ಬೇಡ ಬಿಡಿ ಅಂದೆ."